ಹೊಳಬಸಪ್ಪನ ಕಟ್ಟಳೆ
ಮರಾಠಿ ನಾಡಿನ ವಿಮಾನ ನಗರದ ನಮ್ಮ ಆಫೀಸಿನಲ್ಲಿ ಹೊಳಬಸಪ್ಪನ ಕಣ್ಣು ತಪ್ಪಿಸಿ ಒಂದು ಸೊಳ್ಳೆಯೂ ಸರ್ವರಿನೊಳಗೆ ನುಸುಳಲಾರದು. ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸರಂಜಾಮಿನ ಸಮೇತ ಕಟ್ಟಿದ ಗಂಟಿಗೆ ಕಂಟೇನರ್ ಇಮೇಜ್ ಎನ್ನುತ್ತಾರೆ. ಯಾವ ಗಂಟು ಒಳಗೆ ಬರಬೇಕು, ಯಾವುದು ಬರಬಾರದು ಎಂಬ ಕಟ್ಟಳೆ ಬರೆಯುವವನು ಇವನೇ. ಮೌಸ್ ಮುಟ್ಟುವ ಗಂಡಲ್ಲ. ಕಪ್ಪು ಪರದೆಯ ಮೇಲೆ ರೊಟ್ಟಿ ಬಡಿದ ಹಾಗೆ ಟಪಟಪನೆ ಕಮಾಂಡು ಬಡಿಯುತ್ತಾನೆ. ಕಟ್ಟಿದವರ ಸಹಿ ಇಲ್ಲದ ಗಂಟು ಬಂದರೆ, "ಹೆಸರು ಊರು ಹೇಳದವರಿಗೆ ನಮ್ಮಲ್ಲಿ ಕೂಡಾಕ ಕಟ್ಟಿನೂ ಇಲ್ರಿ, ಪಡಸಾಲಿನೂ ಇಲ್ರಿ" ಎಂದು ಹಿಂದಕ್ಕಟ್ಟುತ್ತಾನೆ. ಮ್ಯಾನೇಜರು ಮರಾಠಿಯಲ್ಲಿ ಗೋಗರೆದರೂ "ನಾಹೀ ಸಾಹೇಬ್" ಎಂಬ ಎರಡೇ ಮಾತು. ಹೋದ ತಿಂಗಳು ಗಿರಾಕಿ ಕಾದು ಕುಳಿತಿರುವಾಗಲೇ ಅವನ ಕಟ್ಟಳೆ ಅವನೇ ಕಟ್ಟಿದ ಗಂಟನ್ನು ತಡೆಯಿತು. ಒಳಗೊಂದು ಹಳೆಯ ಹುಳುಕು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಉಳಿದುಬಿಟ್ಟಿತ್ತು. "ಕಾಕಾ, ವಿನಾಯಿತಿ ಅಂತ ಒಂದ ಸಾಲು ಬರೀರಿ, ಮುಗೀತು" ಎಂದ ಪಕ್ಕದ ಮೇಜಿನ ಸಂಜು. "ನನ್ನ ಗಂಟಿಗೆ ಹಿತ್ತಲ ಬಾಗಿಲಾ ತೆಗೆದ್ರ, ನಾಳೆ ನಿನ್ನ ಗಂಟಿಗೆ ಯಾವ ಮಕಾ ಹೊತ್ಕೊಂಡು ಬ್ಯಾಡ ಅನ್ನಲೋ?" ಎಂದವನೇ ಗಿರಾಕಿಗೆ ತಪ್ಪೊಪ್ಪಿಕೊಂಡು, ಗಂಟು ಬಿಚ್ಚಿ ಮೊದಲಿನಿಂದ ಕಟ್ಟಿದ. ಈಗ ಕೆಲಸಕ್ಕೆ ಸೇರುವ ಹೊಸಬರಿಗೆಲ್ಲ ಅವನು ಮೊದಲು ತೋರಿಸುವುದು ಆ ದಿನದ ದಾಖಲೆಯನ್ನೇ. ಮಗಳ ಪದವಿಪತ್ರ ಹಿಡಿದ ತಂದೆಯ ಹಾಗೆ ಎದೆಯುಬ್ಬಿಸಿ, ತಾನೇ ಗಟ್ಟಿಯಾಗಿ ಓದುತ್ತಾನೆ: "ತಿರಸ್ಕೃತ. ಕಟ್ಟಿದವರು, ಹೊಳಬಸಪ್ಪ."