ಐದು ಇಂಚಿನ ಮೆಟ್ಟಿಲು

ಕಟ್ಟಡಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮೆಟ್ಟಿಲಪ್ಪ ಎಂದರೇ ಅವನು ತಲೆ ಎತ್ತುತ್ತಿದ್ದದ್ದು. ಕಟ್ಟಡದ ಕಂಬ, ಬೀಮು, ಸ್ಲ್ಯಾಬು ಎಲ್ಲವನ್ನೂ ಬೇರೆಯವರು ಹಂಚಿಕೊಳ್ಳುತ್ತಿದ್ದರು. ಮೆಟ್ಟಿಲಿನ ನಕ್ಷೆಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ, ಅದು ನೇರವಾಗಿ ಅವನ ಮೇಜಿಗೇ ಬರುತ್ತಿತ್ತು.

ಯಾಕೆಂದರೆ ಮೆಟ್ಟಿಲು ತಂಟೆಯ ಕೆಲಸ. ಸ್ಲ್ಯಾಬಿನ ಹಾಗೆ ಮಲಗಿರುವುದೂ ಇಲ್ಲ, ಕಂಬದ ಹಾಗೆ ನಿಂತಿರುವುದೂ ಇಲ್ಲ. ಓರೆಯಾಗಿ ಒರಗಿಕೊಂಡು ಎಲ್ಲರ ಲೆಕ್ಕವನ್ನೂ ಕೆಡಿಸುತ್ತದೆ. ಮನೆ ಕಟ್ಟಿಸುವವರು ನಡುಮನೆ ಎಷ್ಟು ದೊಡ್ಡದಿರಬೇಕು, ಅಡುಗೆಮನೆಗೆ ಬೆಳಕು ಎಲ್ಲಿಂದ ಬರಬೇಕು ಎಂದು ತಿಂಗಳುಗಟ್ಟಲೆ ಜಗಳವಾಡಿ, ಎಲ್ಲ ಮುಗಿದ ಮೇಲೆ ಉಳಿದ ಮೂಲೆಯನ್ನು ತೋರಿಸಿ, "ಮೆಟ್ಟಿಲು ಇಲ್ಲೆಲ್ಲಾದ್ರೂ ಹಾಕಿ" ಎನ್ನುತ್ತಾರೆ. ನಡುಮನೆಯ ಮೇಲಿರುವ ಪ್ರೀತಿಯಲ್ಲಿ ಒಂದು ಚೂರನ್ನು ಮೆಟ್ಟಿಲಿನ ಮೇಲೂ ಇಟ್ಟಿದ್ದರೆ ಈ ಲೋಕದ ಅರ್ಧ ಮಂಡಿನೋವು ಇರುತ್ತಿರಲಿಲ್ಲ ಎಂಬುದು ಮೆಟ್ಟಿಲಪ್ಪನ ಅಭಿಪ್ರಾಯ. ಅದನ್ನು ಅವನು ಯಾರ ಮುಂದೆಯೂ ಹೇಳಿದವನಲ್ಲ. ಹೇಳುವಷ್ಟು ತ್ರಾಣ ಸಂಜೆಯ ಹೊತ್ತಿಗೆ ಅವನಲ್ಲಿ ಉಳಿಯುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಜಿನಿಯರು ಒಂದು ಮೆಟ್ಟಿಲು ಕೊಟ್ಟು ನೋಡಿದ್ದರು. ಅದು ಚೆನ್ನಾಗಿ ಬಂತು. ಒಮ್ಮೆ ಚೆನ್ನಾಗಿ ಮಾಡಿದ ತಪ್ಪಿಗೆ ಕೂದಲು ನರೆಯುವವರೆಗೂ ಅದನ್ನೇ ಮಾಡಿದ. ಮೆಟ್ಟಿಲಿನ ಸ್ಲ್ಯಾಬು ಮೇಲಿನ ಸಮತಟ್ಟಾದ ಲ್ಯಾಂಡಿಂಗಿಗೆ ಸೇರುವ ಕಡೆ, ಅಡಿಯ ಒಳಮೂಲೆಯಲ್ಲಿ ಕಂಬಿಯನ್ನು ಸುಮ್ಮನೆ ಬಗ್ಗಿಸಿಕೊಂಡು ಒಯ್ಯಬಾರದು. ಭಾರ ಬಿದ್ದಾಗ ಬಗ್ಗಿದ ಕಂಬಿ ನೆಟ್ಟಗಾಗಲು ಹೋಗಿ ಕಾಂಕ್ರೀಟನ್ನೇ ಸಿಡಿಸುತ್ತದೆ. ಎರಡೂ ಕಡೆಯ ಕಂಬಿಗಳು ಒಂದನ್ನೊಂದು ದಾಟಿ ಆಚೆ ಹೋಗಿ ಕಚ್ಚಿಕೊಳ್ಳಬೇಕು. ಈ ಒಂದು ಮೂಲೆಯನ್ನು ಅವನು ಮೊದಲು ಬೋರ್ಡಿನ ಮೇಲೆ ಪೆನ್ಸಿಲಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಸಲ ಬರೆದಿದ್ದನೋ ಅವನಿಗೇ ಗೊತ್ತಿಲ್ಲ. ಕಣ್ಣು ಮುಚ್ಚಿದರೂ ಅದೇ ಕಾಣುತ್ತಿತ್ತು. ಇಷ್ಟು ಜನರನ್ನು ಮೇಲಕ್ಕೆ ಹತ್ತಿಸಿದ ಮನುಷ್ಯ ತಾನು ಮಾತ್ರ ನೆಲಮಹಡಿಯ ಎರಡು ಬಾಡಿಗೆ ಕೋಣೆಗಳಲ್ಲೇ ಇದ್ದ.

ನೆಲಮಹಡಿಯೇ ಬೇಕಾಗಿತ್ತು ಎನ್ನಿ. ಮುಂದಿನ ಕೋಣೆಯ ಮಂಚದ ಮೇಲೆ ಅಪ್ಪ ಇದ್ದ. ಜೀವಮಾನವಿಡೀ ಬಸ್ಸು ಓಡಿಸಿದ ಮನುಷ್ಯ. ಒಂದು ಮಧ್ಯಾಹ್ನ ಊಟಕ್ಕೆ ಕೂತವನ ಎಡಗೈಯಿಂದ ಲೋಟ ಜಾರಿತು, ಆಮೇಲೆ ಆ ಎಡಭಾಗ ಅವನ ಮಾತು ಕೇಳಲಿಲ್ಲ. "ಕ್ಲಚ್ಚಿನ ಕಾಲೇ ಹೋಯ್ತು ಕಣೋ, ಇನ್ನು ಗೇರು ಬೀಳಲ್ಲ" ಎಂದು ಆಸ್ಪತ್ರೆಯಲ್ಲೇ ಓರೆಬಾಯಲ್ಲಿ ನಗಾಡಿದ್ದ. ಅಪ್ಪ ನಗಾಡಿದ. ಅವನನ್ನು ಏಳಿಸುವುದು, ಕೂರಿಸುವುದು, ಬಚ್ಚಲಿಗೆ ಒಯ್ಯುವುದು, ಒರೆಸಿ ಬಟ್ಟೆ ಹಾಕುವುದು ಮಗ ಸೊಸೆಯ ಪಾಲಿಗೆ ಬಂತು. ಮಗ ಕಚೇರಿಗೆ ಹೋದ ಮೇಲೆ ಸೊಸೆಯೊಬ್ಬಳ ಪಾಲಿಗೇ.

ಸೊಸೆ ಮನೆಯಲ್ಲೇ ಕೂತು ಒಂದು ಅಂಗಡಿಗೆ ಬಟ್ಟೆ ಹೊಲಿದು ಕೊಡುತ್ತಿದ್ದಳು. ಎತ್ತಿ ಇಳಿಸಿ ಅವಳ ಬೆನ್ನು ಹಿಡಿದುಕೊಂಡಿತ್ತು. ಡಾಕ್ಟರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಇನ್ಮೇಲೆ ಒಂದು ಬಕೆಟ್ ನೀರು ಕೂಡ ಎತ್ತಬೇಡಿ" ಎಂದರು. ಬಕೆಟ್ಟನ್ನು ಎತ್ತದೆ ಇರಬಹುದು. ಮಾವನನ್ನು ಎತ್ತದೆ ಇರುವುದು ಹೇಗೆಂದು ಡಾಕ್ಟರು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಗಂಡ ಹೆಂಡತಿ ಇಬ್ಬರೂ ಜೀವ ಹಿಡಿದುಕೊಂಡಿದ್ದು ಒಂದು ಮಾತಿನ ಮೇಲೆ. ಅದು ಅಣ್ಣನ ಮಾತು. ಅಣ್ಣನದು ಬಣ್ಣದ ಅಂಗಡಿ, ವಾಸ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. "ನನ್ನದೂ ಅಂತ ಒಂದು ಮನೆ ಆಗ್ಲಿ, ಅರ್ಧ ವರ್ಷ ಅಪ್ಪ ನನ್ನ ಹತ್ರಾನೇ ಇರ್ತಾನೆ" ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಈಗ ಅವನ ಮನೆಯ ಪಾಯ ಎದ್ದಿತ್ತು. ಅರ್ಧ ವರ್ಷ ಸಿಕ್ಕಿದರೆ ಮೊದಲು ಏನು ಮಾಡುತ್ತೀ ಎಂದು ಮೆಟ್ಟಿಲಪ್ಪ ಹೆಂಡತಿಯನ್ನು ಕೇಳಿದ್ದ. "ಮಲಗ್ತೀನಿ" ಎಂದಿದ್ದಳು.

ಹಾಗಿರುವಾಗ ಒಂದು ಭಾನುವಾರ ಅಣ್ಣ ಮನೆಯ ಪ್ಲಾನು ಸುತ್ತಿಕೊಂಡು ಬಂದ. ಅಪ್ಪನ ಮಂಚದ ಮೇಲೆಯೇ ಅದನ್ನು ಬಿಡಿಸಿದ. ಕೆಳಗೆ ಅಂಗಡಿ, ಮೇಲೆ ಮನೆ.

"ಮೆಟ್ಟಿಲಿಗೇ ಜಾಗ ಇಲ್ಲ ನೋಡು" ಎಂದ ಅಣ್ಣ. "ಹಿಂದ್ಗಡೆ ಕಡಿದಾದ್ದು ಒಂದು ಬಂದ್ರೆ ಹೆಚ್ಚು. ಅದನ್ನ ನಾನೇ ಏದುಸಿರು ಬಿಟ್ಕೊಂಡು ಹತ್ತಬೇಕು. ಅಪ್ಪ ಹೇಗೆ ಹತ್ತಾನೆ? ಮೆಟ್ಟಿಲು ವಿಷಯ ನಿನಗಿಂತ ಯಾರಿಗೆ ಗೊತ್ತು, ನೀನೇ ಹೇಳು. ಒಳ್ಳೆ ಮೆಟ್ಟಿಲು ಬರೋ ಹಾಗಿದ್ರೆ ನಾನು ಎರಡನೇ ಮಾತೇ ಆಡ್ತಿರ್ಲಿಲ್ಲ, ಕರ್ಕೊಂಡು ಹೋಗಿಬಿಡ್ತಿದ್ದೆ."

ಒಳಗೆ ಹೊಲಿಗೆ ಯಂತ್ರ ನಿಂತಿತು.

"ಅದಕ್ಕೆ ಯಾಕೋ ಅಷ್ಟು ತಲೆ ಕೆಡಿಸ್ಕೋತೀಯ?" ಎಂದ ಅಪ್ಪ. "ಚಿಕ್ಕೋನು ಮಾಡ್ತಾನೆ ಬಿಡು. ಇಷ್ಟು ವರ್ಷ ಅದನ್ನೇ ತಾನೇ ಅವನು ಮಾಡಿದ್ದು?"

"ಪ್ಲಾನು ಇಲ್ಲೇ ಇರ್ಲಿ ಅಣ್ಣ, ನೋಡ್ತೀನಿ" ಎಂದ ಮೆಟ್ಟಿಲಪ್ಪ.

ಮಾರನೆಯ ಸಂಜೆ ಅವನು ಬಡಗಿಯ ಅಂಗಡಿಯಿಂದ ನಾಲ್ಕಾರು ಹಲಗೆ ತುಂಡುಗಳನ್ನು ತಂದ. ಅಪ್ಪನನ್ನು ಎಬ್ಬಿಸಿ ನಿಲ್ಲಿಸಿ, ಬಲಗೈಗೆ ಕಿಟಕಿಯ ಸರಳು ಕೊಟ್ಟು, ಕಾಲ ಮುಂದೆ ಹಲಗೆಗಳನ್ನು ಒಂದರ ಮೇಲೊಂದು ಇಟ್ಟ. ಆರು ಇಂಚಿಗೆ ಎಡಗಾಲಿನ ಬೆರಳು ಹಲಗೆಯ ಅಂಚಿಗೆ ತಗುಲಿ ನಿಂತುಬಿಟ್ಟಿತು. ಒಂದು ಹಲಗೆ ತೆಗೆದ. ಐದು ಇಂಚಿಗೆ ಕಾಲು ತೆವಳಿಕೊಂಡು ಮೇಲೆ ಬಂತು.

"ರೈಟ್, ರೈಟ್!" ಎಂದು ಅಪ್ಪ ಕೂಗಿದ. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ಇಳಿಯುವಾಗ ಇನ್ನೊಂದು ಸಂಗತಿ ಗೊತ್ತಾಯಿತು. ಹತ್ತುವಾಗ ಬಲಕ್ಕೆ ಇದ್ದ ಸರಳು ತಿರುಗಿ ನಿಂತರೆ ಎಡಕ್ಕೆ ಹೋಗುತ್ತದೆ, ಎಡಗೈಗೆ ಹಿಡಿಯುವ ಶಕ್ತಿಯಿಲ್ಲ. ಅಂದರೆ ಎರಡೂ ಬದಿಗೆ ರೇಲಿಂಗು ಬೇಕು. ಇಷ್ಟು ಕಾಲ ಮೆಟ್ಟಿಲು ಬರೆದವನಿಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಆಮೇಲಿನ ಸಂಜೆಗಳೆಲ್ಲ ಹೊಲಿಗೆ ಯಂತ್ರದ ಮೇಜಿನ ಮೇಲೆ ಕಳೆದವು. ಹೆಂಡತಿ ಬಟ್ಟೆ ಮಡಿಸಿಟ್ಟ ಮೇಲೆ ಅವನು ಹಾಳೆ ಹಾಸುತ್ತಿದ್ದ. ಐದು ಇಂಚಿನ ಏರು ಎಂದರೆ ಮೆಟ್ಟಿಲುಗಳು ಹೆಚ್ಚು, ಮೆಟ್ಟಿಲು ಹೆಚ್ಚಿದರೆ ಉದ್ದ ಹೆಚ್ಚು, ಆ ಹಿತ್ತಿಲ ಪಟ್ಟಿಯಲ್ಲಿ ಉದ್ದವೇ ಇಲ್ಲ. ಒಂದು ಸಲದ ನಕ್ಷೆಯಲ್ಲಿ ಲ್ಯಾಂಡಿಂಗಿನ ಬೀಮು ಹತ್ತುವವನ ತಲೆಗೆ ಬಡಿಯಿತು. ಇನ್ನೊಂದು ಸಲ ಅಂಗಡಿಯ ಹಿಂಬಾಗಿಲೇ ಮುಚ್ಚಿಹೋಯಿತು. ಕಚೇರಿಯಲ್ಲಿ ಹಗಲೆಲ್ಲ ಕಂಡವರ ಮೆಟ್ಟಿಲು, ಮನೆಯಲ್ಲಿ ಈ ಮೆಟ್ಟಿಲು. ಕಣ್ಣು ಉರಿಯುತ್ತಿತ್ತು, ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಬಿಟ್ಟುಬಿಡೋಣ ಎನ್ನಿಸಿದಾಗ ಒಳಗಿನಿಂದ ಹೆಂಡತಿ ಬೆನ್ನು ನೋವಿಗೆ ಮಗ್ಗುಲು ಬದಲಿಸುವ ಸದ್ದು ಕೇಳುತ್ತಿತ್ತು, ಅವನು ಮತ್ತೆ ಪೆನ್ಸಿಲು ಹಿಡಿಯುತ್ತಿದ್ದ.

ಕೊನೆಗೆ ದಾರಿ ಸಿಕ್ಕಿದ್ದು ಅಂಗಡಿಯ ಸಾಮಾನು ಕೋಣೆಯಲ್ಲಿ. ಬಣ್ಣದ ಡಬ್ಬಿಗಳಿಗೆ ಆಳೆತ್ತರದ ಸೂರು ಯಾಕೆ ಬೇಕು? ಆ ಕೋಣೆಯನ್ನು ಮೆಟ್ಟಿಲಿನ ಕೆಳಗೆ ತಂದರೆ ಅದರ ಜಾಗವೂ ಮೆಟ್ಟಿಲಿಗೇ ಬರುತ್ತದೆ. ಮೂರು ಬದಿಯ ಗೋಡೆಗಳನ್ನು ಬಳಸಿಕೊಂಡು ನಿಧಾನವಾಗಿ ಏರಬಹುದು. ತಲೆಗೆ ಬಡಿಯುವ ಬೀಮನ್ನು ತೆಗೆದುಹಾಕಿ, ಲ್ಯಾಂಡಿಂಗಿನ ಸ್ಲ್ಯಾಬನ್ನೇ ಗೋಡೆಯಿಂದ ಗೋಡೆಗೆ ಕೂರಿಸಿದ. ಎರಡು ಲ್ಯಾಂಡಿಂಗು ಬಂದವು. ಮೊದಲನೆಯದರಲ್ಲಿ ಒಂದು ಕುರ್ಚಿ ಹಾಕುವಷ್ಟು ಜಾಗ, ಪಕ್ಕದಲ್ಲಿ ಕಿಟಕಿ. ಅಪ್ಪ ಅಲ್ಲಿ ಕೂತು ಹಿಂಬದಿಯ ಓಣಿ ನೋಡುತ್ತ ಸುಧಾರಿಸಿಕೊಳ್ಳಬಹುದು. ಒಳಮೂಲೆಯ ಕಂಬಿಗಳನ್ನು ಬರೆಯುವಾಗ ಅವನ ಕೈ ಕುಣಿಯುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅವನಿಗೆ ತನ್ನ ಕೆಲಸದ ಮೇಲೆ ಪ್ರೀತಿ ಬಂತು.

"ಇದು ಬರುತ್ತಾ ರೀ?" ಎಂದು ಹೆಂಡತಿ ಹಿಂದೆ ಬಂದು ನಿಂತಳು.

"ಬರುತ್ತೆ."

"ಮಾವ ಹತ್ತಬಹುದಾ?"

"ಹತ್ತಬಹುದು, ಇಳೀಬಹುದು. ಬೇಕಾದ್ರೆ ದಿನಾ ಸಂಜೆ ಬೀದಿಗೂ ಬರಬಹುದು."

ಅವಳು ಮೂಗು ಒರೆಸಿಕೊಂಡು ಒಳಗೆ ಹೋದಳು. ಮಾರನೆಯ ದಿನ ಇಂಜಿನಿಯರು ನಕ್ಷೆ ನೋಡಿ, ಸ್ಲ್ಯಾಬಿನ ದಪ್ಪವನ್ನು ಅರ್ಧ ಇಂಚು ಹೆಚ್ಚಿಸಿ, "ಚೆನ್ನಾಗಿ ಬಂದಿದೆ ಕಣಯ್ಯ" ಎಂದು ಸಹಿ ಹಾಕಿಕೊಟ್ಟರು.

ಮೆಟ್ಟಿಲಪ್ಪ ಅದನ್ನು ಹಿಡಿದುಕೊಂಡು ಸಂಜೆ ಅಣ್ಣನ ಮನೆ ಕಟ್ಟುವಲ್ಲಿಗೆ ಹೋದ. ಕೆಲಸದವರು ಹೋಗಿಯಾಗಿತ್ತು. ಇಟ್ಟಿಗೆಯ ರಾಶಿಯ ಮೇಲೆ ಹಾಳೆ ಬಿಡಿಸಿ ತೋರಿಸಿದ. ಅಣ್ಣ ಬಗ್ಗಿ ನೋಡಿದ, ಬಹಳ ಹೊತ್ತು ನೋಡಿದ.

"ಅಂಗಡಿ ಚಿಕ್ಕದಾಗುತ್ತೆ ಅಲ್ವಾ?"

"ಒಂದಿಂಚೂ ಇಲ್ಲ."

"ಸಾಮಾನು ಎಲ್ಲಿಡೋದು?"

"ಇದರ ಕೆಳಗೇ. ಬಾಗಿಲೂ ಅಲ್ಲೇ ಇದೆ ನೋಡು."

"ಕತ್ತಲೆ ಬರುತ್ತೇನೋ."

"ಲ್ಯಾಂಡಿಂಗಲ್ಲಿ ಕಿಟಕಿ ಕೊಟ್ಟಿದೀನಲ್ಲ."

"ಈಗ ಬದಲಾಯಿಸಿದ್ರೆ ಗಾರೆಯವನು ಕೂಗಾಡ್ತಾನೆ."

"ಕಂಬ ಒಂದೂ ಕದಲಲ್ಲ. ಅವನ ಹತ್ರ ನಾನೇ ಮಾತಾಡ್ತೀನಿ."

ಮನೆ ಕಟ್ಟಿಸುವವರೆಲ್ಲ ಕೇಳುವ ಪ್ರಶ್ನೆಗಳೇ ಇವು ಎಂದುಕೊಂಡು ಮೆಟ್ಟಿಲಪ್ಪ ಹುಮ್ಮಸ್ಸಿನಲ್ಲಿ ಉತ್ತರ ಕೊಡುತ್ತ ಹೋದ. ಅಷ್ಟು ದಡ್ಡ ಅವನು. ಪ್ರಶ್ನೆಗಳು ಮುಗಿದ ಮೇಲೆ ತಲೆ ಎತ್ತಿ ಅಣ್ಣನ ಮುಖ ನೋಡಿದ. ನುಣುಚಿಕೊಳ್ಳಲು ದಾರಿಯಿಲ್ಲದೆ ಸಿಕ್ಕಿಬಿದ್ದವನ ಮುಖ ಅದು. ಮೆಟ್ಟಿಲಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹಾಳೆಯ ಮೇಲಿನಿಂದ ಕೈ ತೆಗೆದ.

"ಯಾಕೋ ಮಾಡ್ದೆ ಇದನ್ನ?" ಎಂದ ಅಣ್ಣ. ಸಿಮೆಂಟಿನ ಚೀಲದ ಮೇಲೆ ಕುಸಿದು ಕೂತ. "ಆಗಲ್ಲ ಅಂದಿದ್ರೆ ಆಗ್ತಿತ್ತಲ್ಲೋ."

"ನೀನೇ ತಾನೇ ಕೇಳಿದ್ದು?"

"ಕೇಳ್ದೆ. ನೀನು ಆಗಲ್ಲ ಅಂತೀಯ ಅಂತ ಕೇಳ್ದೆ." ಅಣ್ಣ ಕೈಯಿಂದ ಮುಖ ಉಜ್ಜಿಕೊಂಡ. "ಅಪ್ಪನ್ನ ನೋಡೋಕೆ ಬಂದಾಗೆಲ್ಲ ನನಗೆ ಎದ್ದು ಓಡಿಹೋಗೋಣ ಅನ್ಸುತ್ತೆ ಕಣೋ. ಅಷ್ಟು ದೊಡ್ಡ ಬಸ್ಸನ್ನ ಒಂದೇ ಕೈಲಿ ತಿರುಗಿಸ್ತಿದ್ದ ಮನುಷ್ಯ. ಅವನನ್ನ ತೊಳೆಯೋದು, ಒರೆಸೋದು... ಸುಳ್ಳು ಹೇಳಲ್ಲ, ನನ್ನ ಕೈಲಾಗಲ್ಲ. ನೀನು ಹೇಗೆ ಮಾಡ್ತೀಯೋ ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ" ಎಂದ ಮೆಟ್ಟಿಲಪ್ಪ. "ಅವಳ ಬೆನ್ನು ಹೋಗಿದೆ ಅಣ್ಣ."

ಅಣ್ಣ ಹಾಳೆಯನ್ನು ಸುತ್ತಿ ಅವನ ಕೈಗೆ ಕೊಟ್ಟ.

"ಅಪ್ಪನಿಗೆ ಏನಂತ ಹೇಳ್ಲಿ?"

"ಮೆಟ್ಟಿಲು ಬರಲ್ಲ ಅಂತ ಹೇಳು. ನೀನು ಹೇಳಿದ್ರೆ ನಂಬ್ತಾನೆ."

ದಾರಿಯುದ್ದಕ್ಕೂ ಮೆಟ್ಟಿಲಪ್ಪ ಆಡಬೇಕಾಗಿದ್ದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಆಡಿದ. ಅಲ್ಲಿ ಬಾಯಿಗೆ ಬೀಗ ಬಿದ್ದಿತ್ತು, ಇಲ್ಲಿ ಒಬ್ಬನೇ ನಡೆಯುವಾಗ ನಾಲಿಗೆ ಕತ್ತರಿಯಾಗಿತ್ತು. ಅಣ್ಣನ ಮೇಲೆ ಅವನಿಗೆ ಅಸಾಧ್ಯ ಸಿಟ್ಟು ಬಂದಿತ್ತು. ಇದ್ದದ್ದನ್ನು ಇದ್ದ ಹಾಗೆ ಅಪ್ಪನಿಗೆ ಹೇಳಿಬಿಡುತ್ತೇನೆ, ದೊಡ್ಡ ಮಗನ ಬಂಡವಾಳ ಗೊತ್ತಾಗಲಿ, ನಾನೊಬ್ಬನೇ ಯಾಕೆ ಹೊಟ್ಟೆಗೆ ಹಾಕಿಕೊಳ್ಳಲಿ ಎಂದು ನಿಶ್ಚಯ ಮಾಡಿಕೊಂಡೇ ಮನೆಯ ಹೊಸ್ತಿಲು ದಾಟಿದ.

ಅಪ್ಪ ದಿಂಬಿಗೆ ಒರಗಿ ಕೂತಿದ್ದ. ಸೊಸೆಗೆ ಹೇಳಿ ಗಡ್ಡ ಕೆರೆಸಿಕೊಂಡಿದ್ದ, ಒಗೆದ ಶರ್ಟು ಹಾಕಿಸಿಕೊಂಡಿದ್ದ. "ಏನಂದ ದೊಡ್ಡೋನು? ಖುಷಿಯಾದ್ನಾ?" ಎಂದ. ಓರೆಬಾಯಿ ಪೂರ್ತಿ ಅರಳಿತ್ತು.

ಮೆಟ್ಟಿಲಪ್ಪ ಚೀಲವನ್ನು ಮೊಳೆಗೆ ನೇತುಹಾಕಿದ. ಚಪ್ಪಲಿ ಬಿಟ್ಟ. ತಿರುಗಿ ನೋಡಿದರೆ ಅಪ್ಪ ಹಾಗೆಯೇ ಕಾಯುತ್ತಿದ್ದ.

"ಬರ್ಲಿಲ್ಲಪ್ಪ" ಎಂದ. "ಅಲ್ಲಿ ಹೋಗಿ ಅಳೆದು ನೋಡಿದ್ರೆ ಜಾಗ ಸಾಲ್ಲಿಲ್ಲ. ನಾನೇ ಲೆಕ್ಕ ತಪ್ಪಿದ್ದೆ."

ಅಪ್ಪನ ಮುಖ ಇಳಿದುಹೋಯಿತು.

"ಪಾಪ, ದೊಡ್ಡೋನು" ಎಂದ. "ಎಷ್ಟು ಆಸೆ ಇಟ್ಕೊಂಡಿದ್ದ. ಅವನ ಮನಸ್ಸಿಗೆ ಎಷ್ಟು ಬೇಜಾರಾಯ್ತೋ ಏನೋ."

"ಹೂಂ."

"ಹೂಂ ಅಂದ್ರೆ ಆಯ್ತೇನೋ? ಕೂದಲು ಬೆಳ್ಳಗಾಗೋವರೆಗೂ ಮೆಟ್ಟಿಲು ಮೆಟ್ಟಿಲು ಅಂತ ಅದರಲ್ಲೇ ಬಿದ್ದಿದ್ದೆ. ಊರವರಿಗೆಲ್ಲ ಮಾಡಿಕೊಟ್ಟೆ. ಹೆತ್ತ ಅಪ್ಪನಿಗೆ ಒಂದು ಮೆಟ್ಟಿಲು ಮಾಡೋಕೆ ನಿನಗೆ ಬರ್ಲಿಲ್ವಲ್ಲೋ!"

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಇಂಜಿನಿಯರು ಸಹಿ ಹಾಕಿದ್ದು ಅವಳಿಗೆ ಗೊತ್ತು, ಲೆಕ್ಕ ತಪ್ಪಿರಲಿಲ್ಲ ಎಂಬುದೂ ಗೊತ್ತು. "ಮಾವ..." ಎಂದು ಬಾಯಿ ತೆರೆದಳು. ಮೆಟ್ಟಿಲಪ್ಪ ಬೇಡ ಎಂಬಂತೆ ತಲೆಯಾಡಿಸಿದ. ಅವಳು ಗಂಡನ ಮುಖವನ್ನೇ ನೋಡುತ್ತ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವಳಿಗೆ ಎಲ್ಲ ತಿಳಿಯಿತು. ಅರ್ಧ ವರ್ಷ ಹೋಯಿತು ಎಂಬುದೂ ತಿಳಿಯಿತು.

ಅಪ್ಪನನ್ನು ಬಚ್ಚಲಿಗೆ ಒಯ್ಯುವ ಹೊತ್ತಾಗಿತ್ತು. ಮೆಟ್ಟಿಲಪ್ಪ ಬಲತೋಳಿಗೆ ಕೈ ಹಾಕಿದ. ಅವಳು ಬಂದು ಎಡಗಡೆ ಬಗ್ಗಿದಳು.

"ನೀನು ಬೇಡ, ಬಿಡು" ಎಂದ.

"ಹಿಡ್ಕೊಳ್ಳಿ" ಎಂದಳು.

ಇಬ್ಬರೂ ಸೇರಿ ಎತ್ತಿದರು. ಅಪ್ಪ ನಡುವೆ ತೂಗಾಡುತ್ತ, ಕಾಲೆಳೆಯುತ್ತ, ಗೊಣಗುತ್ತಲೇ ಇದ್ದ.

"ನಾಳೆ ನಿಮ್ಮ ಇಂಜಿನಿಯರನ್ನಾದ್ರೂ ಒಂದು ಮಾತು ಕೇಳು. ಅವರು ತಿಳಿದೋರು, ನಿನ್ನ ಹಾಗಲ್ಲ. ಏನಾದ್ರೂ ದಾರಿ ತೋರಿಸ್ತಾರೆ."

"ಕೇಳ್ತೀನಪ್ಪ" ಎಂದ ಮೆಟ್ಟಿಲಪ್ಪ.