ನನ್ನ ಪ್ರಾಣಾಯಾಮ, ಅವಳ ಉಸಿರು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಗುಬ್ಬಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಪ್ರತಿ ಭಾನುವಾರ ಬಸ್ಸು ಹತ್ತಿ ತುಮಕೂರಿಗೆ ಹೋಗಿ ಯೋಗ ಕಲಿಯುತ್ತಿದ್ದೆ. ದೇಹ, ಮನಸ್ಸು, ಆತ್ಮ ಬೇರೆ ಬೇರೆಯಲ್ಲ, ಮನಸ್ಸು ಕೆಟ್ಟರೆ ದೇಹವೂ ಕೆಡುತ್ತದೆ ಎಂದು ಗುರುಗಳು ಹೇಳುತ್ತಿದ್ದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಅದನ್ನು ಹೆಂಡತಿಯ ಮೇಲೆ ಪ್ರಯೋಗ ಮಾಡಿದವನು ನಾನು.

ಸ್ನಾನವಾಗದೆ ಆಸನಕ್ಕೆ ಕೂರಬಾರದೆಂದು ನಾನೇ ನೇಮ ಮಾಡಿಕೊಂಡಿದ್ದೆ. ಅದೂ ಬಿಸಿನೀರೇ ಆಗಬೇಕು. ಅವಳು ನಸುಕಿನಲ್ಲೆದ್ದು ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕಿ ಊದುತ್ತಿದ್ದಳು. ನಮ್ಮ ಕಡೆ ಮಟ್ಟೆಗೆ ಬರವಿಲ್ಲ, ಮಳೆಗಾಲದಲ್ಲಿ ಒಣಗಿದ್ದು ಮಾತ್ರ ಸಿಗುವುದಿಲ್ಲ. ನಾನು ಮಿಂದು ಬಂದು, ಮುಂದಿನ ಕೋಣೆಯ ಬಾಗಿಲು ಹಾಕಿ, ಕಿಟಕಿ ತೆಗೆದು ಪ್ರಾಣಾಯಾಮಕ್ಕೆ ಕೂರುತ್ತಿದ್ದೆ.

ನನ್ನ ಯೋಗದ ಎರಡನೇ ವರ್ಷ ಅವಳಿಗೆ ಉಬ್ಬಸ ಶುರುವಾಯಿತು.

"ಹೊಗೆಗೆ ಆಗ್ತಿದೆ ಅನ್ಸುತ್ತೆ ಕಣ್ರೀ" ಎಂದಳು.

"ಹೊಗೆ ಯಾರ ಮನೇಲಿಲ್ಲ ಹೇಳು. ನಿನ್ನ ಮನಸ್ಸಲ್ಲಿ ಏನೋ ಗಂಟಿದೆ ಕಣೇ, ಅದನ್ನ ಬಿಚ್ಚು" ಎಂದೆ.

ಎದುರಿಗೆ ಕೂರಿಸಿಕೊಂಡು, ಯಾರ ಮೇಲೆ ಸಿಟ್ಟಿದೆ ಹೇಳು ಎಂದು ಪೀಡಿಸಿದೆ. ಅವಳು ಏದುಸಿರು ಬಿಡುತ್ತಾ ನೆಲ ನೋಡುತ್ತಿದ್ದಳು. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೊನೆಗೆ ಅವಳ ಅಣ್ಣ ಬಂದು ಕುಣಿಗಲ್ಲಿಗೆ ಕರೆದುಕೊಂಡು ಹೋದರು. ಹದಿನೈದು ದಿನಕ್ಕೆ ಅವರ ಕಾಗದ ಬಂತು: ಉಸಿರಾಟ ಸರಾಗವಾಗಿದೆ, ಒಲೆಯ ಹತ್ತಿರ ಅವಳನ್ನು ಬಿಡುತ್ತಿಲ್ಲ. ಎರಡನೆಯ ಮಾತು ನನ್ನ ತಲೆಗೆ ಹೋಗಲೇ ಇಲ್ಲ. ತವರು ಸೇರಿದ ಕೂಡಲೇ ಮನಸ್ಸಿನ ಗಂಟು ಹೇಗೆ ಬಿಚ್ಚಿಕೊಂಡಿತು ನೋಡಿ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿದೆ.

ಹೆಂಡತಿ ತವರಿಗೆ ಹೋದಮೇಲೆ ಕೆಲಸದವಳೊಬ್ಬಳು ಬಂದು ನೀರು ಕಾಯಿಸುತ್ತಿದ್ದಳು. ಅವಳು ಬಾರದ ಒಂದು ದಿನ ನಾನೇ ಊದುಗೊಳವೆ ಹಿಡಿದೆ. ಹಸಿ ಮಟ್ಟೆ ಹತ್ತಿಕೊಳ್ಳಲಿಲ್ಲ, ಹೊಗೆ ಕಾರಿತು. ಐದು ನಿಮಿಷಕ್ಕೆ ಹಿತ್ತಲಿಗೆ ಓಡಿ, ಕಣ್ಣು ಮೂಗು ಸುರಿಸಿಕೊಂಡು ಕೆಮ್ಮುತ್ತಾ ಕುಕ್ಕರಿಸಿದೆ. ಅಷ್ಟು ದಿನ ಕಲಿತ ಪ್ರಾಣಾಯಾಮ ಕಿಂಚಿತ್ತೂ ನೆರವಿಗೆ ಬರಲಿಲ್ಲ.

ಆ ಭಾನುವಾರ ಯೋಗದ ಕ್ಲಾಸು ಬಿಟ್ಟು ಕುಣಿಗಲ್ಲಿಗೆ ಹೋದೆ. ಅವಳು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಗೊತ್ತಾಯ್ತು ಕಣೇ, ಎಲ್ಲಾ ಆ ಹೊಗೆಯಿಂದ" ಎಂದೆ, ನಾನೇ ಕಂಡುಹಿಡಿದವನ ಹಾಗೆ.

ಅವಳು ಮೊರ ಪಕ್ಕಕ್ಕಿಟ್ಟಳು. ದನಿ ಏರಿಸಲಿಲ್ಲ.

"ತಣ್ಣೀರಲ್ಲಿ ಸ್ನಾನ ಮಾಡಿದ್ರೆ ಬರ್ತಿರ್ಲಿಲ್ವಾ ನಿಮ್ ಯೋಗ?"