ಸರೋವರದ ತಳದಲ್ಲಿ ಒಂದು ಪಾಠ

"ಅಕ್ಕಾರ, ನನ್ನ ಕೆಲಸ ಹೋತು ಅನ್ನಸ್ತದರೀ."

ಫೋನಿನಲ್ಲಿ ಸುಮಂಗಲಾ. ನಾನು ಆಫೀಸ್ ಮೀಟಿಂಗಿನಲ್ಲಿದ್ದೆ. ಮ್ಯೂಟ್ ಒತ್ತಿ ಅಡುಗೆಮನೆಗೆ ಓಡಿದೆ. (ಕೊರೊನಾ ಕಾಲ. ಆಗ ಎಲ್ಲರ ಆಫೀಸೂ ಊಟದ ಟೇಬಲ್ಲಿನ ಮೇಲೇ ತಾನೇ ಇದ್ದದ್ದು?)

"ಏನಾಯ್ತೇ? ಯಾರು ಹೇಳಿದ್ದು?"

"ಹೆಡ್‌ಮಾಸ್ತರ್ರು ಮೇಲ್ ಹಾಕ್ಯಾರ. ನಾಳೆ ಬಂದು ಕಾಣ್ರಿ, ನಿಮ್ಮ ಮುಂದಿನ ವರ್ಷದ ಬಗ್ಗೆ ಮಾತಾಡೂದದ ಅಂತ. ಇನ್ನೇನ್ ಇರ್ತದರೀ?"

ಸುಮಂಗಲಾ ಗದಗಿನವಳು. ಗಂಡನಿಗೆ ಇಲ್ಲಿನ ಏರ್‌ಪೋರ್ಟಿನ ಕಾರ್ಗೋ ವಿಭಾಗದಲ್ಲಿ ಐಟಿ ಕೆಲಸ. ಆತನ ಜೊತೆ ಡಚ್ಚರ ನಾಡಿನ ಈ ಹೂಫ್‌ಡಾರ್ಪಿಗೆ ಬಂದವಳು ಡಚ್ ಕಲಿತಳು, ಒಂದು ಸಣ್ಣ ಕೋರ್ಸು ಮುಗಿಸಿದಳು, ನನ್ನ ಮಗಳು ಅನ್ವಿತಾಳ ಶಾಲೆಯಲ್ಲಿ ತರಗತಿ ಸಹಾಯಕಿಯಾಗಿ ಸೇರಿದಳು. ಟೀಚರ್ ಪಾಠ ಮಾಡುವಾಗ ಪಕ್ಕದಲ್ಲಿರುವುದು ಅವಳ ಕೆಲಸ. ಜಾಕೆಟ್ಟಿನ ಜಿಪ್ ಹಾಕು, ಅಳುವವರನ್ನು ಸಮಾಧಾನ ಮಾಡು, ಓದಲು ತಡವರಿಸುವವರ ಜೊತೆ ಮೂಲೆಯಲ್ಲಿ ಕೂತು ಓದಿಸು. ಇಲ್ಲಿ ಮಕ್ಕಳು ಟೀಚರನ್ನೂ ಸಹಾಯಕಿಯನ್ನೂ 'ಯುಫ್' ಎಂದೇ ಕರೆಯುತ್ತವೆ. ನಮ್ಮ 'ಮಿಸ್' ಇದ್ದ ಹಾಗೆ. ಮಕ್ಕಳಿಗೆ ವ್ಯತ್ಯಾಸ ಗೊತ್ತಿಲ್ಲ. ಸಂಬಳದ ಚೀಟಿಗೆ ಗೊತ್ತು.

ಆ ಚಳಿಗಾಲದಲ್ಲಿ ಎರಡನೇ ಸಲ ಶಾಲೆ ಮುಚ್ಚಿತ್ತು. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ. ಮೊದಲ ವಾರ ಎಲ್ಲ ಮಕ್ಕಳೂ ಕೈಬೀಸುತ್ತಿದ್ದವು. ಆಮೇಲೆ ಒಂದೊಂದೇ ಕಿಟಕಿ ಕಪ್ಪಾಯಿತು. ಕಪ್ಪಾದವುಗಳಲ್ಲಿ ಅನ್ವಿತಾಳದೂ ಒಂದು. ಕ್ಯಾಮೆರಾ ಆಫ್, ಮೈಕ್ ಆಫ್. ಓದು ಎಂದರೆ ಪುಸ್ತಕ ಸೋಫಾದ ಕೆಳಗೆ. ನಾನು ಬೈದೆ, ಚಾಕಲೇಟ್ ಕೊಟ್ಟೆ, ಮತ್ತೆ ಬೈದೆ. (ನೀವೂ ಮಾಡಿದ್ದೀರಿ, ಬಿಡಿ.)

ಒಂದು ದಿನ ಯಾರೋ ಕಿಟಕಿ ತಟ್ಟಿದರು. ನೋಡಿದರೆ ಹೊರಗೆ ಸುಮಂಗಲಾ. ಮೂಗು ಕೆಂಪಾಗಿದೆ, ಸೈಕಲ್ಲು ಬೇಲಿಗೆ ಒರಗಿದೆ. ದೊಡ್ಡಕ್ಷರದ ಪುಸ್ತಕವೊಂದನ್ನು ಗಾಜಿಗೆ ಒತ್ತಿಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ಫೋನು. ಅನ್ವಿತಾಳ ಹತ್ತಿರ ನನ್ನ ಫೋನು ಕೊಟ್ಟೆ. ಅವಳು ಒಳಗಿನಿಂದ ಓದಿದಳು, ಸುಮಂಗಲಾ ಹೊರಗಿನಿಂದ ಪುಟ ತಿರುವಿದಳು. ಜನವರಿಯ ಆ ಗಾಳಿಯಲ್ಲಿ ಕೈಗವಸು ಹಾಕಿಕೊಂಡರೆ ಪುಟ ತಿರುವಲಾಗದು. ಹಾಗಾಗಿ ಬರಿಗೈ. ನಮ್ಮ ಮನೆ ಮುಗಿದ ಮೇಲೆ ಇನ್ನೊಂದು ಮನೆ. ಕ್ಯಾಮೆರಾ ಮುಚ್ಚಿದ ಪ್ರತಿ ಮಗುವಿನ ಕಿಟಕಿಗೂ ಆಕೆ ಹೋಗುತ್ತಿದ್ದಳು. ಯಾರೂ ಹೇಳಿರಲಿಲ್ಲ.

ಇಂಥವಳ ಕೆಲಸ ಹೋಗುತ್ತದೆಯೇ?

ಮರುದಿನ ಮತ್ತೆ ಫೋನು. ಈ ಸಲ ದನಿಯೇ ಬೇರೆ. ಹೆಡ್‌ಮಾಸ್ಟರ್ ಕಾಫಿ ಕೊಟ್ಟು, ಟೀಚರ್ ಆಗುತ್ತೀರಾ ಎಂದು ಕೇಳಿದರಂತೆ. ಊರಲ್ಲೆಲ್ಲ ಟೀಚರುಗಳ ಕೊರತೆ. ಸಹಾಯಕಿಯರು ಓದಿ ಟೀಚರಾಗಲಿ ಎಂದು ಸರ್ಕಾರದ ಯೋಜನೆಯೊಂದಿದೆ. ವಾರಕ್ಕೊಂದು ದಿನ ಕಾಲೇಜು, ಉಳಿದ ದಿನ ಇದೇ ಶಾಲೆ, ಇದೇ ಸಂಬಳ. ಕಾಲೇಜಿನ ಫೀಸು? ಆಕೆ ಕಟ್ಟಬೇಕಾಗಿಲ್ಲ.

"ನನ್ನ ಡಚ್ ಕೈಕೊಡ್ತು ಅನ್ಕೊಂಡೆರೀ. ಸಾವಕಾಶ ಇನ್ನೊಮ್ಮೆ ಹೇಳ್ರಿ ಅಂದೆ. ಸಾವಕಾಶ ಹೇಳಿದ್ರು. ಆಮ್ಯಾಲೆ ಇಂಗ್ಲಿಷಿನಾಗೂ ಹೇಳಿದ್ರು."

"ನಿಮ್ಮನೆಯವರು ಏನಂದ್ರು?"

"ಫ್ರೀ ಅಂದ್ರ ಎಲ್ಲೋ ಸಣ್ಣ ಅಕ್ಷರದಾಗ ಏನರ ಬರದಿರ್ತಾರ, ಹುಡುಕು ಅಂದ್ರು."

ಗಂಡ ಹೆಂಡತಿ ಕೂತು ಹುಡುಕಿದರು. ಏನೂ ಸಿಗಲಿಲ್ಲ.

ಆದರೆ ಫೀಸು ಮನ್ನಾ ಆದರೆ ಪರೀಕ್ಷೆ ಮನ್ನಾ ಆಗುವುದಿಲ್ಲವಲ್ಲ! ಕಾಲೇಜಿಗೆ ಸೇರುವ ಮೊದಲೇ ಡಚ್ ಭಾಷೆಯ ಟೆಸ್ಟು, ಈ ದೇಶದ ಇತಿಹಾಸ, ಭೂಗೋಳ. ಭಾನುವಾರ ಮಧ್ಯಾಹ್ನಗಳಲ್ಲಿ ನಮ್ಮ ಟೇಬಲ್ಲಿಗೆ ಬಂದು ಓದುತ್ತಿದ್ದಳು. ಶಾಲೆ ತೆರೆದ ಮೇಲೆ ಮೊದಲ ಟೆಸ್ಟು ಬರೆದಳು. ಭಾಷೆಯಲ್ಲೇ ಫೇಲು.

ಆ ದಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತಳು. "ನಲವತ್ತರ ಹತ್ರ ಬಂದೀನಿ. ಇದೆಲ್ಲ ಯಾಕ ಬೇಕಿತ್ರೀ ನನಗ?" ಎಂದಳು. ಶಾಲೆಯ ಗೇಟಿನ ಹತ್ತಿರ ಒಬ್ಬ ಅಪ್ಪ ಆಡಿದ ಮಾತೂ ಅವಳ ಕಿವಿಗೆ ಬಿದ್ದಿತ್ತು. "ಒಳ್ಳೆಯ ಹೆಂಗಸೇ. ಆದರೆ ನಮ್ಮ ಮಕ್ಕಳಿಗೆ ಅವರ ಉಚ್ಚಾರ ಬಂದುಬಿಟ್ಟರೆ?" ಎಂದಿದ್ದನಂತೆ ಆತ. ನನಗೆ ಸಿಟ್ಟು ಬಂತು. ಅವಳಿಗೆ ಭಯವಾಗಿತ್ತು. ಚಹಾ ಮಾಡಿಕೊಟ್ಟೆ.

ಮರುದಿನ ಆಕೆ ಏನು ಮಾಡಿದಳು ಗೊತ್ತಾ? ಕ್ಲಾಸಿನ ಮುಂದೆ ನಿಂತು, ನಾನು ಪರೀಕ್ಷೆಯಲ್ಲಿ ಫೇಲಾದೆ ಎಂದು ಮಕ್ಕಳಿಗೆ ಹೇಳಿಬಿಟ್ಟಳು! ಕ್ಲಾಸೇ ದಂಗಾಯಿತಂತೆ. ಯುಫ್ ಕೂಡ ಫೇಲಾಗುತ್ತಾರಾ? ಡಚ್ಚಿನಲ್ಲಿ ನಾಮಪದಕ್ಕೆ ಮೊದಲು, ಇಂಗ್ಲಿಷಿನ 'ದಿ' ಥರ, 'ಡೆ' ಅಥವಾ 'ಹೆಟ್' ಬರಬೇಕು. ಯಾವುದಕ್ಕೆ ಯಾವುದು ಎಂಬುದಕ್ಕೆ ಗಟ್ಟಿ ನಿಯಮವಿಲ್ಲ, ಹುಟ್ಟಿನಿಂದ ಬಂದರೆ ಬಂತು. ಆಕೆ ಸೋತದ್ದು ಅಲ್ಲಿ. ನನ್ನ ತಪ್ಪು ಹಿಡಿದವರು ಆ ದಿನದ ಗಂಟೆ ಬಾರಿಸಬಹುದು ಎಂದಳು. ಅಷ್ಟು ಸಾಕಾಯಿತು. ಮಾತಿಗೊಮ್ಮೆ ಕೈಗಳು ಮೇಲೇಳುತ್ತಿದ್ದವು.

"ಕ್ಲಾಸಿನ ತುಂಬ ಮಾಸ್ತರ್ರು ನನಗ," ಎಂದು ನಗುತ್ತಿದ್ದಳು. ಕ್ರಮೇಣ ಗಂಟೆ ಬಾರಿಸುವ ಅವಕಾಶ ಕಡಿಮೆಯಾಯಿತೆಂದು ಮಕ್ಕಳು ತಕರಾರು ತೆಗೆದವು. ಎರಡನೇ ಸಲ ಪಾಸಾದಳು. ಸೆಪ್ಟೆಂಬರಿನಲ್ಲಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ಕಾಲೇಜಿನ ಬಸ್ಸು ಹತ್ತಿದಳು.

ಕಳೆದ ವಾರ ಆಕೆಯ ಮೊದಲ ಪರೀಕ್ಷಾ ಪಾಠ. ಕಾಲೇಜಿನಿಂದ ನೋಡಲು ಒಬ್ಬ ಮೇಡಂ ಬಂದಿದ್ದರು. ಬೆಳ್ಳಿಗೂದಲು, ನಗದ ಮುಖ. ಕೊರೊನಾ ಕಾರಣಕ್ಕೆ ನಾವು ಪೋಷಕರು ಇನ್ನೂ ಗೇಟಿನಾಚೆಯೇ. ಅನ್ವಿತಾಳನ್ನು ಹಲ್ಲಿನ ಡಾಕ್ಟರಲ್ಲಿಗೆ ಕರೆದೊಯ್ಯಲು ಬೇಗ ಹೋಗಿದ್ದ ನಾನು ಬೇಲಿಯ ಹೊರಗೆ ಸೈಕಲ್ ಹಿಡಿದು ನಿಂತಿದ್ದೆ. ನೋಡಿದರೆ ಅಂಗಳದಲ್ಲಿ ಇಡೀ ಕ್ಲಾಸು ಜಾಕೆಟ್ ತೊಟ್ಟು ಅಂಗಾತ ಮಲಗಿದೆ!

ಮೇಲೆ, ಮೊದಲ ಮಹಡಿಯ ಕಿಟಕಿಯಿಂದ ದೀಪದ ಕಂಬದವರೆಗೆ ಒಂದು ನೀಲಿ ರಿಬ್ಬನ್ನು ಗಾಳಿಗೆ ಅಲುಗುತ್ತಿತ್ತು.

"ಅದು ನೀರಿನ ಮೇಲ್ಮೈ," ಎಂದಳು ಸುಮಂಗಲಾ, ಡಚ್ಚಿನಲ್ಲಿ, ಗದಗಿನ ಉಚ್ಚಾರದಲ್ಲಿ. "ನೀವು ಮಲಗಿರುವುದು ಸರೋವರದ ತಳದಲ್ಲಿ. ನೀವೀಗ ಮೀನುಗಳು."

ನಮ್ಮ ಹೂಫ್‌ಡಾರ್ಪ್ ಒಂದು ಕಾಲದಲ್ಲಿ ದೊಡ್ಡ ಸರೋವರದ ನೀರಿನಡಿ ಇದ್ದ ಜಾಗ. ಉಗಿಯಂತ್ರದ ಪಂಪುಗಳಿಂದ ನೀರೆತ್ತಿ ನೆಲ ಮಾಡಿದ್ದು. ಪಂಪು ನಿಂತರೆ ಇಂದಿಗೂ ನೀರು ಮರಳಿ ತುಂಬುತ್ತದೆ. ಎಲ್ಲೋ ಓದಿದ್ದೆ. ಓದಿ ಮರೆತಿದ್ದೆ.

ಆಗ ರಿಬ್ಬನ್ನಿನಾಚೆ, ಆಕಾಶದಲ್ಲಿ, ಒಂದು ವಿಮಾನ ಇಳಿಯುತ್ತ ಬಂತು. ಮಲಗಿದ್ದ ಹುಡುಗಿಯೊಬ್ಬಳು ಪಿಸುಗುಟ್ಟಿದಳು: "ದೋಣಿ!"

ನಿಜವಾಗಿಯೂ, ನೀರಿನೊಳಗಿಂದ ದೋಣಿಯ ಹೊಟ್ಟೆ ಕಂಡಂತೆಯೇ ಇತ್ತು.

"ಯುಫ್, ಪಂಪು ಈಗಲೂ ಓಡ್ತಾ ಇದೆಯಾ?" ಇನ್ನೊಂದು ಮಗುವಿನ ದನಿ ನಡುಗಿತು.

"ಈಗಲೂ. ನೀನು ನಿದ್ದೆ ಮಾಡುವಾಗಲೂ. ಯಾರೋ ಒಬ್ಬರು ಎದ್ದು ಕೂತು ನೋಡಿಕೊಳ್ಳುತ್ತಾರೆ."

ನಗದ ಮುಖದ ಮೇಡಂ ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ಬೆಂಚಿನ ಮೇಲಿಟ್ಟರು. ಕೋಟು ಸರಿಮಾಡಿಕೊಂಡು ಮಕ್ಕಳ ಸಾಲಿನ ಕೊನೆಗೆ ಹೋದರು. ಮಲಗಿದರು. ಮಕ್ಕಳೆಲ್ಲ ಎದ್ದ ಮೇಲೂ ಮೇಲೆ ನೋಡುತ್ತ ಮಲಗೇ ಇದ್ದರು.

"ಏಳ್ರೀ ಮೇಡಂ ಅನ್ನಾಕ ನನಗ ಡಚ್ ಶಬ್ದನ ಹೊಳೀಲಿಲ್ಲರೀ," ಎಂದಳು ಸುಮಂಗಲಾ ಆಮೇಲೆ. ಪಾಸಾಗಿದ್ದಳು. ಡೆ, ಹೆಟ್ ಇನ್ನೂ ತಿದ್ದಿಕೊಳ್ಳಬೇಕು ಎಂದು ಮೇಡಂ ಬರೆದಿದ್ದರು.

ಹಲ್ಲಿನ ಡಾಕ್ಟರಲ್ಲಿಗೆ ಹೋಗುವ ದಾರಿಯುದ್ದಕ್ಕೂ ಅನ್ವಿತಾ ಸೈಕಲ್ಲಿನ ಹಿಂದೆ ಕೂತು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದಳು. ಮೀನಂತೆ.

ಒಬ್ಬ ಸಹಾಯಕಿಯ ಫೀಸು ಮನ್ನಾ ಮಾಡಿದ ಆ ಸರ್ಕಾರಿ ಕಚೇರಿಯವರಿಗೆ, ಬದಲಿಗೆ ತಮಗೆ ಏನು ಸಿಕ್ಕಿತು ಎಂದು ಯಾರಾದರೂ ಹೇಳಿದ್ದಾರಾ?